ಕದ ತಟ್ಟುವ ಬಾಣ

ಕುತಾಯಿಸಿಯ ಕಚೇರಿಯಲ್ಲಿ ಹೀಟರ್ ಹಲ್ಲು ಕಡಿಯುತ್ತದೆ.
ಮೇಜಿನ ಮೇಲೆ ಮೂರು ತಂತ್ರಾಂಶ, ಹದಿನಾಲ್ಕು ದಿನ ಪುಕ್ಕಟೆ,
ಹನ್ನೊಂದು ಆಗಲೇ ಕರಗಿವೆ.

ಮೇಲೆ, ಎಂಗೂರಿ ಹುಟ್ಟುವ ಕಡೆ,
ಹಿಮದ ಆಳ ಅಳೆಯುವ ಠಾಣೆ.
ಅಲ್ಲೊಂದು ಮುದಿ ಕಂಪ್ಯೂಟರ್, ಒಂದು ನಾಯಿ,
ಒಳಗೂ ಉಣ್ಣೆಯ ಟೋಪಿ ತೆಗೆಯದ ಬೆಸ್ಸಾರಿಯೋನ್.
ಡಿಸೆಂಬರಿನಿಂದ ದಾರಿ ಮುಚ್ಚಿದೆ.
ಈಗ ಅಲ್ಲಿಗೆ ಹತ್ತಬಲ್ಲದ್ದು
ನನ್ನ ಮೌಸಿನ ಬಾಣ ಮಾತ್ರ.

ಮೊದಲನೆಯದು ಮಿಂಚು.
ಇಲ್ಲಿ ಬೆರಳು ಊರಿದರೆ ಅಲ್ಲಿ ಕಡತ ಬಾಯಿ ತೆರೆಯುತ್ತಿತ್ತು.
ನಮ್ಮ ದುಡ್ಡಿನ ಹೆಸರು ಲಾರಿ;
ಅದು ತಿಂಗಳಿಗೆ ಕೇಳುವ ಲಾರಿಯಲ್ಲಿ
ಠಾಣೆಗೆ ಒಂದು ಲಾರಿ ಸೌದೆ ಬರುತ್ತದೆ.

ಎರಡನೆಯದಕ್ಕೆ ಕಾಸಿಲ್ಲ.
ಆದರೆ ಗಾಳಿ ಎದ್ದು ಸಂಪರ್ಕ ಬಡಕಲಾದರೆ
ಪರದೆ ಕಲಸಿದ ಹಿಟ್ಟು.
ಮೂರು ಮೀಟರೋ, ಎಂಟೋ?
ಕಣ್ಣು ಕಿರಿದು ಮಾಡಿದೆ, ಕನ್ನಡಕ ಒರೆಸಿದೆ.
ಮೂರಕ್ಕೂ ಎಂಟಕ್ಕೂ ನಡುವೆ
ಕೆಳಗಿನ ಹಳ್ಳಿಯ ನಲವತ್ತು ಒಲೆಗಳಿವೆ.

ಮೂರನೆಯದು ನಿಧಾನ. ಪ್ರತಿ ಸಲ ಕೇಳುತ್ತದೆ:
'ಥೇಯೋನಾ ಒಳಗೆ ಬರಬಹುದೇ?'
ಅಲ್ಲಿರುವವರು ಹೂಂ ಎಂದು ಒತ್ತಬೇಕು.
'ಮಲಗಿದವನನ್ನು ಎಬ್ಬಿಸಿ ಒಳಬರುವುದು
ಯಾವ ಸೀಮೆ ತಂತ್ರ?' ಅಂದರು ಅವ್ತಾಂದಿಲ್,
ಅದರ ಹೆಸರಿನ ಮೇಲೆ ಕೆಂಪು ಗೀಟೆಳೆದರು.

ನಾನು ಅವರಿಗೆ ಒಂದು ಹೇಳಿರಲಿಲ್ಲ.

ಮಿಂಚಿನದನ್ನು ಪರೀಕ್ಷಿಸುತ್ತ ಒಂದು ರಾತ್ರಿ, ಎರಡು ಗಂಟೆಗೆ,
ಹೇಳದೆ ಕೇಳದೆ ನುಗ್ಗಿದ್ದೆ.
ಅವನು ಒಂದೇ ಬೆರಳಲ್ಲಿ ಟೈಪು ಕಲಿಯುತ್ತಿದ್ದ:
'ಇವತ್ತು ಗಾಳಿ. ನಾಯಿ ಊಟ ಬಿಟ್ಟಿದೆ. ನನಗೂ'
ಅಷ್ಟಕ್ಕೆ ಅಕ್ಷರ ನಿಂತಿತು.
ನನ್ನ ಬಾಣ ಅವನ ಸಾಲಿನ ಮೇಲೇ ಇತ್ತು,
ಹೆಗಲ ಮೇಲಿಂದ ಇಣುಕುವವರ ಉಸಿರಿನ ಹಾಗೆ.
ತುಂಬ ಹೊತ್ತಾದ ಮೇಲೆ: 'ಯಾರು?'

ಉತ್ತರಿಸಬಹುದಿತ್ತು. ಕಿಟಕಿ ಮುಚ್ಚಿದೆ.

ಬೆಳಿಗ್ಗೆ ಫೋನಿನಲ್ಲಿ ಅಂದ,
'ರಾತ್ರಿ ಬಾಣ ತಾನಾಗಿ ನಡೆಯಿತು, ಮಗಳೇ.
ಟೋಪಿ ತೆಗೆದು ಪರದೆಗೆ ಹೊದಿಸಿದೆ.'
'ಮಿಷನ್ನು ಹಳೆಯದಾಯಿತು' ಅಂದೆ ನಾನು.
ಸುಳ್ಳಿಗೂ ತಂತಿಯಲ್ಲಿ ಸ್ವಲ್ಪ ತಡವಾಗುತ್ತದೆ;
ಆ ತಡದಲ್ಲಿ ಅವನು ಕೆಮ್ಮಿದ್ದು ಕೇಳಿಸಿತು.

ಬೆಲೆ, ವೇಗ, ಭದ್ರತೆ ಎಂಬ ಪಟ್ಟಿಯಲ್ಲಿ
ಇದಕ್ಕೆ ಕಂಬಸಾಲು ಇರಲಿಲ್ಲ. ನಾನೇ ಎಳೆದೆ,
'ಹೊಸ್ತಿಲು' ಎಂದು ಬರೆದು, ಮೂರನೆಯದಕ್ಕೆ ಸಹಿ ಹಾಕಿಸಿದೆ.
ಅವ್ತಾಂದಿಲ್ ಸಹಿ ಹಾಕಿದ್ದು
ಅದು ಅಗ್ಗ ಎಂಬ ಕಾರಣಕ್ಕೆ.

ನಿನ್ನೆ ಕದ ತಟ್ಟಿದೆ. ಉತ್ತರವಿಲ್ಲ.
ನಾಲ್ಕು ನಿಮಿಷ. ಏಳು.
ಅವ್ತಾಂದಿಲ್ ನನ್ನನ್ನೂ ಗಡಿಯಾರವನ್ನೂ ನೋಡಿದರು.
ಹನ್ನೊಂದನೆಯ ನಿಮಿಷಕ್ಕೆ ಹೂಂ ಬಂತು,
ಜತೆಗೆ ಒಂದೇ ಬೆರಳಿನ ಸಾಲು:
'ಬಾಗಿಲಿಗೆ ಹಿಮ ಬಿದ್ದಿತ್ತು. ಸಲಿಕೆ ಹಿಡಿದಿದ್ದೆ. ಬಾ.
ನಾಯಿ ಉಂಡಿತು.'

ಮೂರು ಮೀಟರ್, ಇಪ್ಪತ್ತು ಸೆಂಟಿಮೀಟರ್.
ಮೂರು ಎಂದೇ ಕಂಡಿತು.