ಕಟ್ಟಿಗೆ ಇಪ್ಪತ್ತೈದು

ಕಾಸರಗೋಡಿನ ಮೈದಾನದಲ್ಲಿ ಎಚ್ ಹಾಕಲು ಹೋಗಿ
ಮೂರು ಸಲ ಕಂಬ ಕೆಡವಿದವಳು ರುಕಿಯಾ.
ನಾಲ್ಕನೆಯ ಸಲ ಪಾಸು.
ನಲುವತ್ತೇಳರ ಪ್ರಾಯದಲ್ಲಿ ಕೈಗೆ ಲೈಸನ್ಸು,
ಭಾವನ ಗುಜರಿಯಿಂದ ಬಿಡಿಸಿ ತಂದ ಬಿಳಿ ಮಾರುತಿ,
ಕಿಟಕಿ ಏರಿಸಲು ಹಿಡಿ ಇಲ್ಲ, ಹಾರ್ನು ಮಾತ್ರ ಗಟ್ಟಿ.

"ಎಲ್ಲಿಗೆ?" ಎಂದೆ.
"ಅಲ್ಲಿಗೆ" ಎಂದು ಗದ್ದ ಎತ್ತಿ ತೋರಿಸಿದಳು.

ಇಪ್ಪತ್ತಾರು ವರ್ಷ ಅವಳ ಚಾವಡಿಯಲ್ಲಿ
ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ, ಹೊಗೆಸೊಪ್ಪಿನ ಹುಡಿ,
ಕಣ್ಣೆದುರು ಆ ಗುಡ್ಡೆ, ಪೊಸಡಿ ಗುಂಪೆ.
ಅದರ ತಲೆ ಕಪ್ಪಾದರೆ ಒಣಹಾಕಿದ ಎಲೆ ಒಳಗೆ,
ಅದರ ಮೈ ಕೆಂಪಾದರೆ ಗಂಟೆ ಐದೂವರೆ.
ಗಡಿಯಾರ ಅದು ನಮಗೆ.
ಗಡಿಯಾರ ಹತ್ತುವುದುಂಟೆ ಯಾರಾದರೂ?

ಪೆರ್ಮುದೆ ದಾಟಿದೆವು, ಎರಡನೇ ಗೇರಿನಲ್ಲೇ.
ತಿರುವಿನ ಬೋರ್ಡು ಮಲಯಾಳದಲ್ಲಿ ಹೆದರಿಸಿ
ಕನ್ನಡದಲ್ಲಿ ಸಮಾಧಾನ ಹೇಳಿತು.
ಹಿಂದೆ ಒಂದು ಬಸ್ಸು ಹಾರ್ನು ಹೊಡೆದು ಹೊಡೆದು ದಣಿಯಿತು.
"ಅರ್ಜೆಂಟಿದ್ದರೆ ಮೇಲಿನಿಂದ ಹೋಗಲಿ" ಎಂದಳು.
ಧರ್ಮತ್ತಡ್ಕದಲ್ಲಿ ಸೋಡಾ ಸರ್ಬತ್ತು, ದುಡ್ಡು ಅವಳದ್ದು.
ಗೇರುಮರದ ಬುಡದಲ್ಲಿ ಕಾರು.
ಚಕ್ರಕ್ಕೆ ಎರಡು ಕಲ್ಲು ಕೊಟ್ಟೆ,
ಅವಳ ಹ್ಯಾಂಡ್‌ಬ್ರೇಕಿನ ಮೇಲೆ ನಂಬಿಕೆ ಸಾಲದೆ.

ಮುರಕಲ್ಲಿನ ದಾರಿ, ಆಚೀಚೆ ಒಣ ಮುಳಿ,
ಜಾರುತ್ತದೆಂದು ಕೈಗೆ ಬಂದ ಚಪ್ಪಲಿ.
ಮೊದಲ ಏರಿಗೇ ನನ್ನ ಎದೆಯ ಹಳೆಯ ಹುಡಿ
ಕೆಮ್ಮಾಗಿ ಎದ್ದಿತು.
ರುಕಿಯಾ ನಿಂತಳು. ನೀರು ಕೊಟ್ಟಳು. ಆಮೇಲೆ,
"ಎಣಿಸಿ ನಡಿ, ಸುಗಂಧಿ. ಕಟ್ಟಿಗೆ ಇಪ್ಪತ್ತೈದು.
ಬೇರೆ ಲೆಕ್ಕ ನಮಗೆಲ್ಲಿ ಗೊತ್ತು?"

ಹಾಗೆ ಹತ್ತಿದೆವು.
ಇಪ್ಪತ್ತೈದು ಹೆಜ್ಜೆಗೊಂದು ಕಟ್ಟು, ಕಟ್ಟಿಗೊಂದು ಬೆರಳು.
ನೂಲು ಸುತ್ತಿ ಸುತ್ತಿ ಚರ್ಮ ಸವೆದ ತೋರುಬೆರಳು
ಮಡಚುವಾಗ ಕುಟುಕಿತು.
ಎಡವಿದ ಹೆಜ್ಜೆಯನ್ನು ಅವಳು ತಳ್ಳಿಹಾಕುತ್ತಿದ್ದಳು,
ಚೆಕ್ಕರನ ದನಿಯಲ್ಲಿ:
"ಇದು ಬರ್ಕತ್ತಿಲ್ಲ, ಬೇರೆ ಇಡು."
ನಗುವಾಗ ಲೆಕ್ಕ ತಪ್ಪಿ ಮತ್ತೆ ಹದಿನೇಳರಿಂದ.

ನಲುವತ್ತು ಕಟ್ಟಾದಾಗ ಇಬ್ಬರೂ ಸುಮ್ಮನೆ ಕೂತೆವು.
ಸಾವಿರ. ಒಂದು ದಿನದ ಕೂಲಿ.
ಬೆನ್ನು ಬಾಗಿಸಿ ಕೆಳಗೆ ಕೂತು ಸುತ್ತಿದ ಸಾವಿರ
ಇಷ್ಟು ಎತ್ತರ ಇತ್ತೇ?

ತುದಿ ಬಂದದ್ದು ತಿಳಿಯಲಿಲ್ಲ.
ಏರು ಮುಗಿಯಿತು, ಗಾಳಿ ಬಂತು.
ಸರ್ವೆಯವರು ನೆಟ್ಟ ಕಲ್ಲು, ಆಡಿನ ಹಿಕ್ಕೆ.
ಪಡುವಣಕ್ಕೆ ಕಡಲು, ಇಸ್ತ್ರಿ ಹಾಕಿ ಮಡಚಿಟ್ಟ ಹಾಗೆ.
ಮೂಡಣಕ್ಕೆ ನೀಲಿ ಘಟ್ಟ,
ಬೇರೆ ಯಾರದೋ ಗಡಿಯಾರ.

ಸೊಂಟದಲ್ಲಿ ಫೋನು ನಡುಗಿತು: ಕರ್ನಾಟಕಕ್ಕೆ ಸ್ವಾಗತ.
ಕೂತಲ್ಲಿಂದ ಒಂಚೂರು ಸರಿದೆ,
ಕೇರಳವೂ ಸ್ವಾಗತಿಸಿತು.
"ಚಾ ಯಾರು ಕೊಡ್ತಾರೆ ಕೇಳು" ಎಂದಳು ರುಕಿಯಾ.

ನಮ್ಮ ಚಾವಡಿ ಹುಡುಕಿದೆವು.
ರೈಲಿನ ಹಳಿ ಸಿಕ್ಕಿತು. ಪಳ್ಳಿಯ ಮಿನಾರ ಸಿಕ್ಕಿತು.
ಅದರ ಎಡಕ್ಕೆ ಇರಬೇಕಿತ್ತು,
ಅಲ್ಲಿ ಬರೀ ಹಸಿರು.
ಅಷ್ಟು ವರ್ಷ ನಾವು ಇದನ್ನು ನೋಡಿದೆವು,
ಇದಕ್ಕೆ ನಾವು ಕಂಡದ್ದೇ ಇಲ್ಲ.

"ಎಷ್ಟಾಯ್ತು?"
"ಅರುವತ್ತೊಂದು ಕಟ್ಟು, ಮೇಲೆ ಹದಿನೆಂಟು."
"ಚಿಲ್ಲರೆ ತಕ್ಕೊಳ್ಳುವುದಿಲ್ಲ ಬ್ರಾಂಚಿನಲ್ಲಿ"
ಎಂದು ಎದ್ದಳು, ನನ್ನನ್ನೂ ಎಳೆದು ಎಬ್ಬಿಸಿದಳು.
ಹತ್ತಲು ಇನ್ನು ಜಾಗ ಇರಲಿಲ್ಲ,
ಕಲ್ಲಿನ ಸುತ್ತ ನಡೆದೆವು. ಹತ್ತೊಂಬತ್ತು, ಇಪ್ಪತ್ತು...
ಏಳು ಹೆಜ್ಜೆ.
ಏಳು ಹೆಜ್ಜೆ ಜೊತೆಗೆ ನಡೆದವರ ಬಗ್ಗೆ
ನಮ್ಮಲ್ಲಿ ಒಂದು ಮಾತುಂಟು.
ಹೇಳಲಿಲ್ಲ. ಹೇಳಿದ್ದರೆ
ನಕ್ಕು ನಕ್ಕು ಗುಡ್ಡೆಯಿಂದ ಉರುಳುತ್ತಿದ್ದಳು.

ಇಳಿದು ಬಂದಾಗ ಕಾರಿನ ನೆತ್ತಿಗೆ
ಗೇರುಹಣ್ಣು ಬಿದ್ದು ಒಡೆದಿತ್ತು.
ದಾರಿ ಸಪೂರ, ಒಂದು ಬದಿ ಕಣಿ.
ಕತ್ತು ತಿರುಗಿಸಿ, ತುಟಿ ಕಚ್ಚಿ,
ಹಿಂದೆ, ಮುಂದೆ, ಮತ್ತೆ ಹಿಂದೆ,
ಯಾವ ಕಂಬವೂ ಇಲ್ಲದಲ್ಲಿ
ಯಾವ ಕಂಬವೂ ಬೀಳದ ಹಾಗೆ
ರುಕಿಯಾ ಎಚ್ ಹಾಕಿದಳು.

ನಾನು ಚಕ್ರದ ಎರಡು ಕಲ್ಲು ಕೈಯಲ್ಲಿ ಹಿಡಿದು ನಿಂತಿದ್ದೆ,
ಎಲ್ಲಿಡುವುದೆಂದು ತಿಳಿಯದೆ.