ಮೊಣಕೈಯ ಲೆಕ್ಕ

ಸಾಂತಿಯಾಗೊದಿಂದ ಒಂದಿಡೀ ರಾತ್ರಿ ಬಸ್ಸು, ಆಮೇಲೆ ಎರಡು ದೋಣಿ.
ಅಚಾವೊ ಊರಿನ ಶಾಲೆಯಲ್ಲಿ ಕೊನೆಯ ಬೆಂಚು,
ಮೊಣಕಾಲು ಮೇಜಿಗೆ ತಾಗಿಸಿಕೊಂಡು ನಾನು.
ಕಟ್ಟಿಗೆ ಒಲೆಯ ಮೇಲೆ ಯಾರದೋ ಒದ್ದೆ ಕಾಲುಚೀಲ.
ನಾನು ತಂದದ್ದು ಮೂರು ಮಕ್ಕಳಿಗೆ ಒಂದು ಪರದೆ,
ಮೂರು ಮೌಸು, ಮೂರು ಬಣ್ಣದ ಬಾಣ.

ಪರದೆಯಲ್ಲಿ ಒಂದು ಕೊಲ್ಲಿ,
ಏರಿ ಇಳಿಯುವ ನೀರಿನ ಗೆರೆ.
ಪ್ರಶ್ನೆ ಇಷ್ಟೇ: ಆಲೂಗಡ್ಡೆ ತುಂಬಿದ ದೋಣಿ
ಎಷ್ಟು ಹೊತ್ತಿಗೆ ಹೊರಟರೆ ಕೆಸರಲ್ಲಿ ಕೂರುವುದಿಲ್ಲ?

'ಮುಂದೆ' ಎಂಬ ಗುಂಡಿಗೆ
ಹನ್ನೊಂದು ವಾರ ತೆಗೆದುಕೊಂಡಿದ್ದೆ.
ನಗಬೇಡಿ.
ಒಬ್ಬರು ಒತ್ತಿದರೆ ಸಾಲದು, ಮೂವರೂ ಒತ್ತಬೇಕು,
ಆಗಲೇ ದೋಣಿ ಅಲುಗಬೇಕು.
ಕಚೇರಿಯಲ್ಲಿ ಎಲ್ಲರೂ ತಲೆದೂಗಿದ್ದರು.
ಒತ್ತುವುದೆಂದರೆ ಒಪ್ಪುವುದು ಎಂದು
ಅಷ್ಟು ಸಲೀಸಾಗಿ ನಂಬಿದ್ದೆವು.

ಎಲಿಸೆಯೊ ನಾಲ್ಕನೇ ನಿಮಿಷಕ್ಕೇ ಕಂಡುಕೊಂಡ:
ಎರಡು ಕೈಗೆ ಎರಡು ಮೌಸು,
ಮೂರನೆಯದಕ್ಕೆ ಮೊಣಕೈ.
ಟಿಕ್ ಟಿಕ್ ಟಿಕ್.
ನನ್ನ ಹನ್ನೊಂದು ವಾರ ಹಾಗೆ ದಡ ಸೇರಿತು.
ದೋಣಿ ಸೇರಲಿಲ್ಲ, ಕೆಸರಲ್ಲಿ ಕೂತಿತು.

ಯಾಂಕಾ, ಕಿಟಕಿಯ ಕಡೆಯವಳು,
ಅಣ್ಣನ ಸ್ವೆಟರಿನ ತೋಳು ಎರಡು ಮಡಿಕೆ ಮಡಚಿದವಳು,
ಮೌಸು ಕಳೆದುಕೊಂಡು ಸುಮ್ಮನಿದ್ದಳು.
'ಭಾಗವಹಿಸುತ್ತಿಲ್ಲ' ಎಂದು ಬರೆದುಕೊಂಡೆ.
ಪೆನ್ನು ಎತ್ತುವ ಮೊದಲೇ ಅವಳು ಎದ್ದು
ತೋರುಬೆರಳನ್ನು ಸೀದಾ ಗಾಜಿಗೇ ಒತ್ತಿ,
"ಈ ಗೆರೆ ಸುಳ್ಳು" ಎಂದಳು.
"ಎಷ್ಟು ಚೂಪಾಗಿದೆ ನೋಡಿ.
ನೀರು ತಿರುಗುವ ಮುಂಚೆ ನಿಲ್ಲುತ್ತೆ, ಸುಮ್ಮನೆ.
ಅಮ್ಮನ ಜೊತೆ ಪಾಚಿ ಆಯಲು ಹೋದಾಗ
ನನ್ನ ಬೂಟಿಗೆ ಗೊತ್ತಾಗುತ್ತೆ."

"ಬೂಟಿಗೆ ಹೇಗೆ ಗೊತ್ತಾಗುತ್ತೆ?" ಮಾರ್ಸಿಯಾಲನ ಪ್ರಶ್ನೆ.
ಶುರುವಾಯಿತು ಜಗಳ.
ಒಬ್ಬನ ಬೆರಳು ಗೆರೆಯ ಮೇಲೆ, ಒಬ್ಬಳದು ಅದರ ಕೆಳಗೆ.
ಎಲಿಸೆಯೊ ಮೌಸು ಬಿಟ್ಟು, ಬ್ರೆಡ್ಡಿನ ಚೂರಿಗೆ ದೋಣಿಯ ಆಕಾರ ಕೊಟ್ಟು
ಮೇಜಿನಂಚಿಗೆ ಎಳೆದು ತಂದ.
ಮೇಯಲು ಬಿಟ್ಟ ಕುರಿಗಳ ಹಾಗೆ
ಬಾಣ ಮೂರೂ ಒಂದು ಮೂಲೆಯಲ್ಲಿ ನಿಂತವು.
ಏಳು ನಿಮಿಷ ಯಾರೂ ಏನನ್ನೂ ಒತ್ತಲಿಲ್ಲ.
ಎಂಟನೆಯದಕ್ಕೆ ಪರದೆಯ ನಡುವೆ ಪೆಟ್ಟಿಗೆಯೊಂದು ಎದ್ದು
'ಇನ್ನೂ ಇದ್ದೀರಾ?' ಎಂದಿತು.
ಅದನ್ನು ಬರೆದವಳು ನಾನೇ.

ರಾತ್ರಿ ದೋನ್ಯಾ ಎದುವಿಹೆಸ್ ಮನೆಯ ಅಡುಗೆಮೇಜಿನಲ್ಲಿ
ದಿನದ ಲೆಕ್ಕ ತೆರೆದೆ.
ಎಲಿಸೆಯೊ: ಇನ್ನೂರ ಹದಿನಾಲ್ಕು ಒತ್ತು.
ಮಾರ್ಸಿಯಾಲ್: ಮೂವತ್ತೊಂಬತ್ತು.
ಯಾಂಕಾ: ಹದಿನೇಳು.
ಹದಿನೇಳೂ ಎಲಿಸೆಯೊನ ಮೊಣಕೈಯವು.
ಆ ಏಳು ನಿಮಿಷದ ಮುಂದೆ ಬೂದು ಅಕ್ಷರದಲ್ಲಿ: 'ಚಟುವಟಿಕೆ ಇಲ್ಲ.'

ಟೀಚರು ಕನ್ನಡಕ ಏರಿಸಿ ಓದಿದರು.
"ನಿಮ್ಮ ಯಂತ್ರವನ್ನು ಬೈಯಬೇಡಿ," ಎಂದರು,
"ಇಪ್ಪತ್ತಾರು ವರ್ಷದಿಂದ ಕಲಿಸುತ್ತಿದ್ದೇನೆ,
ಕೈ ಎತ್ತಿದವರನ್ನೇ ನಾನೂ ಎಣಿಸಿದ್ದು."
ಇನ್ನೊಂದು ಆಲೂಗಡ್ಡೆ ತಟ್ಟೆಗೆ ಬಿತ್ತು.

ಬೆಳಿಗ್ಗೆ ಬೇಗ ಹೋದೆ.
ಪರದೆ ಆರಿತ್ತು, ಬಿಸಿಲು ಓರೆಯಾಗಿ ಬಿದ್ದಿತ್ತು,
ಗಾಜಿನ ತುಂಬ ಬೆರಳು. ಬೆಣ್ಣೆಯ ಜಿಡ್ಡು, ಮಸಿ,
ಒಂದರ ಮೇಲೊಂದು, ಯಾರದು ಯಾವುದೆಂದು ತಿಳಿಯದ ಹಾಗೆ,
ನಡುವೆ ಹಾದುಹೋದ ಒಂದು ಗೆರೆ:
ಏರಿ, ತಿರುಗುವ ಮುಂಚೆ
ಅಂಗೈಯಗಲ ಚಪ್ಪಟೆ.

ಆ ಪೆಟ್ಟಿಗೆಯನ್ನು ತೆಗೆದುಹಾಕಿದ್ದೇನೆ.
ಬಲಕ್ಕೆ ಒಂದು ಅಂಚು ಖಾಲಿ ಬಿಟ್ಟಿದ್ದೇನೆ,
ಅಲ್ಲಿಗೆ ಬಾಣ ಹೋಗುವುದಿಲ್ಲ, ಅಲ್ಲೇನೂ ನಡೆಯುವುದಿಲ್ಲ.
ಯಾತಕ್ಕೆ ಎಂದು ಕಚೇರಿ ಕೇಳುತ್ತದೆ.
'ಮುಂದೆ' ಗುಂಡಿಯ ವಿಷಯ ಇನ್ನೂ ಗೊತ್ತಿಲ್ಲ.

ಒರೆಸುವ ಬಟ್ಟೆ ಹಿಡಿದು ದೊಮಿತಿಲಾ ಬಾಗಿಲಲ್ಲಿ ನಿಂತಿದ್ದಳು.
"ಒಂದು ನಿಮಿಷ" ಎಂದೆ.
ನಿಂತಳು, ಸೊಂಟದ ಮೇಲೊಂದು ಕೈ.
"ಆಯ್ತಾ?"
ಆಗಿರಲಿಲ್ಲ.
ಒರೆಸಿದಳು.