ಬೈತಖೋಲದ ಮಾಸ್ಕೋ

ಹಿಮ ನಾನೂ ಕಂಡವಳಲ್ಲ.
ಧಾರವಾಡದ ಲೈಬ್ರರಿಯಲ್ಲಿ, ಕಿರುಗುಡುವ ಫ್ಯಾನಿನ ಕೆಳಗೆ
ಮೂವತ್ತೊಂದು ವರ್ಷದ ಹಿಂದೆ ಓದಿದ್ದು:
ಹೋದವರು ಆರು ಲಕ್ಷ. ಮರಳಿದವರು
ಪುಸ್ತಕದಿಂದ ಪುಸ್ತಕಕ್ಕೆ ಬೇರೆ ಬೇರೆ.
ನೋಟ್ಸಿಗೆ ನಡುವಿನ ಅಂಕಿ ಇಳಿಸಿಕೊಂಡೆ.
ಪರೀಕ್ಷೆಗೆ ಅಷ್ಟು ಸಾಕಾಯಿತು,
ನೌಕರಿಗೂ.

ಈಗ ಒಂಬತ್ತನೇ ಇಯತ್ತೆ, ಬಿ ವಿಭಾಗ,
ಊಟ ಮುಗಿದ ಮೇಲಿನ ಪಿರಿಯಡ್ಡು.
ಅಕ್ಟೋಬರದ ಸೆಕೆ, ಕಿಟಕಿಯಲ್ಲಿ
ಒಣಮೀನಿನ ವಾಸನೆ, ಹೆದ್ದಾರಿಯ ಹಾರ್ನು,
ಹಿಂದಿನ ಬೆಂಚಿನ ಎರಡು ತಲೆ
ಆಗಲೇ ಹಲಗೆಗೆ ಒರಗಿವೆ.
ಕರಿಹಲಗೆಯ ಮೇಲೆ ಪೂರ್ವಕ್ಕೊಂದು ಗೆರೆ ಎಳೆದೆ, ದಪ್ಪಗೆ,
ಮಾಸ್ಕೋ ಮುಟ್ಟಿಸಿದೆ.
ವಾಪಸು ಬರುವಾಗ ಸುಣ್ಣದ ಕಡ್ಡಿ ಮುರಿದು
ಗೆರೆ ಸಪೂರಾಯಿತು. ಇರಲಿ, ಅದೂ ಸರಿಯೇ.
ಡಸ್ಟರಿನ ಪುಡಿ ತೋಳಿನ ಮೇಲೆ ಉದುರಿ
ಬೆವರಿಗೆ ಅಂಟಿಕೊಂಡಿತು.

‘ಹಿಮ ಅಂದ್ರೆ ಬರ್ಪವಾ ಅಕ್ಕೋರೇ?’

ರೋಹಿದಾಸ ಬಾನಾವಳಿಕರ.
ಜೂನಿನಿಂದ ಅವನು ಬಾಯಿ ತೆರೆದದ್ದು ಇದೇ ಮೊದಲು.
ಹಾಗೇ ಅಂದುಕೋ, ಮೇಲಿಂದ ಬೀಳ್ತದೆ, ಅಂದೆ.
‘ಬೈತಖೋಲದಲ್ಲಿ ಲಾರಿಯಿಂದ ಬೀಳ್ತದೆ.’
ತರಗತಿ ನಕ್ಕಿತು. ಅವನು ನಗಲಿಲ್ಲ.
ಎದ್ದು ಬಂದು ಎರಡೂ ಅಂಗೈ ಮುಂದೆ ಹಿಡಿದ:
ಬೆಳಗಿನ ನಾಲ್ಕಕ್ಕೆ, ಬೋಟು ಹೊರಡುವ ಮೊದಲು
ಅಪ್ಪನ ಸಂಗಡ ಬರ್ಪದ ಗಡ್ಡೆ ಒಡೆಯುವ ಕೈ.

‘ಮೊದಲು ಉರೀತದೆ.
ಆಮೇಲೆ ಬೆರಳು ನಮ್ದಲ್ಲ ಅನ್ನಿಸ್ತದೆ.
ಆಗ ಏನೂ ಇಲ್ಲ, ಆರಾಮ.
ಅಳು ಬರೂದು ಮತ್ತೆ ಬಿಸಿ ಆಗುವಾಗ.
ಅವರಿಗೆ ಬಿಸಿ ಆಗಲೇ ಇಲ್ಲ,
ಅಲ್ವಾ ಅಕ್ಕೋರೇ?’

ಒರಗಿದ್ದ ಎರಡೂ ತಲೆ ಎದ್ದವು.

ನನ್ನ ಕೈಯಲ್ಲಿದ್ದದ್ದು ಕಾರಣಗಳು ಐದು, ಪರಿಣಾಮಗಳು ನಾಲ್ಕು.
ರಸದ ಕೊರತೆ ಎಂದು ಬೋರ್ಡಿನಲ್ಲಿ ಬರೆದು
ರಸದು ಎಂದರೆ ದಾಸ್ತಾನು ಎಂದು ತಿದ್ದಿ
ಮುಂದಕ್ಕೆ ಹೋಗುವವಳಿದ್ದೆ.
ಊರವರೇ ಊರು ಬಿಟ್ಟು ಹೋಗಿದ್ದರು, ಎಂದೆ,
ಬಂದವರಿಗೆ ಉಳಿದದ್ದು ಬೆಂಕಿ, ಖಾಲಿ ಮನೆ.

‘ಊರವರು ಎಲ್ಲಿಗೆ ಹೋದ್ರು?’
ಸುಶಾಂತಿ. ಕಿಟಕಿಯ ಪಕ್ಕದವಳು.
ಪುಸ್ತಕದಲ್ಲಿ ಇಲ್ಲ, ಅಂದೆ.
‘ಪರಿಹಾರ ಸಿಕ್ತಾ?’

ಹಾಜರಿ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು.
ಕ್ರಮಾಂಕ ಇಪ್ಪತ್ತೇಳು, ಆರ್ಗೇಕರ.
ಅವಳು ಹುಟ್ಟುವ ಮೊದಲೇ ಅರ್ಗಾದ ಮನೆಯ ಮೇಲೆ
ನೌಕಾನೆಲೆಯ ಬೇಲಿ ಬಂದಿತ್ತು.
ಅಜ್ಜಿ ಪ್ಲಾಸ್ಟಿಕ್ ಚೀಲದಲ್ಲಿ
ಸರ್ವೆ ನಂಬರು, ಕೋರ್ಟಿನ ಕಾಗದ ಕಟ್ಟಿಟ್ಟಿದ್ದಾಳೆ,
ಒಮ್ಮೆ ಪಾಲಕರ ಸಭೆಗೂ ತಂದಿದ್ದಳು,
ಇತಿಹಾಸದ ಅಕ್ಕೋರು ಓದಿ ಹೇಳ್ತಾರೆ ಅಂತ.
ದಿನಾ ಬೆಳಿಗ್ಗೆ ಆ ಊರನ್ನು ಕೂಗುತ್ತೇನೆ.
‘ಹಾಜರ್’ ಅನ್ನುತ್ತದೆ.

ಗಂಟೆ ಹೊಡೆಯಿತು. ಗಣಿತದವರು ಬಾಗಿಲಲ್ಲಿ.
ಮಾಸ್ಕೋ ಅಳಿಸಿದೆ.

ಮುಂದಿನ ತಿಂಗಳು ಉತ್ತರಪತ್ರಿಕೆ.
ಸೋಲಿಗೆ ಕಾರಣ ಬರೆಯಿರಿ, ಅಂಕ ಮೂರು.
ರೋಹಿದಾಸ ಒಂದೇ ಸಾಲು ಬರೆದಿದ್ದ:
‘ಬಂದೂಕು ಹಿಡಿಯಲು ಬೆರಳು ಇರಲಿಲ್ಲ.’
ಮಾದರಿ ಉತ್ತರದಲ್ಲಿ ಇಲ್ಲದ್ದು.
ಅರ್ಧ ಕೊಟ್ಟೆ. ಹೊಡೆದುಹಾಕಿ ಒಂದು ಕೊಟ್ಟೆ.
ಕೆಂಪು ಪೆನ್ನಿನ ಮುಚ್ಚಳ ಹಾಕಿ, ತೆಗೆದು
ಕೂತೆ, ಹಾಲು ಉಕ್ಕುವವರೆಗೆ.

ಭಾನುವಾರ ಮಾರ್ಕೆಟ್ಟಿನಲ್ಲಿ
ಬಂಗುಡೆಯ ಕ್ರೇಟಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು
ಬರ್ಪದೊಳಗೆ ಕೈ ಇಳಿಬಿಟ್ಟೆ, ಮಣಿಕಟ್ಟಿನವರೆಗೆ.
ಎಣಿಸಿದೆ. ನಲವತ್ತಕ್ಕೆ ಉರಿ.
ತೊಂಬತ್ತರ ಹೊತ್ತಿಗೆ ಕಿರುಬೆರಳು
ಯಾರದೋ ಆಗತೊಡಗಿತು.
ಮೀನಿನವಳು ನೋಡುವಷ್ಟು ನೋಡಿ
ಸೊಂಟಕ್ಕೆ ಕೈಯಿಟ್ಟಳು:

‘ಎಷ್ಟು ಹೊತ್ತು ಆರಿಸ್ತ್ರಿ ಅಕ್ಕೋರೇ?
ಯಾವುದು ಎತ್ತಿದ್ರೂ ಒಂದೇ.
ಎಲ್ಲಾ ಇವತ್ತಿಂದೇ.’